ಏನೂ ಬದಲಾಗದ ಅಂಗಡಿಯಲ್ಲಿ ಏನೇನು ಬದಲಾಯಿತು

ನ್ಯೂಯಾರ್ಕಿನ ಮ್ಯಾಕ್‌ಸೋರ್ಲೀಸ್ ಓಲ್ಡ್ ಏಲ್ ಹೌಸ್ ಅನ್ನುವ ಹಳೇ ಬಾರಿನ ಬಗ್ಗೆ (ಏಲ್ ಅಂದರೆ ಒಂದು ಬಗೆಯ ಬಿಯರ್) ಯಾರು ವಿಡಿಯೋ ಮಾಡಿದರೂ ಪಲ್ಲವಿ ಒಂದೇ: "1854ರಿಂದ ಇಲ್ಲಿ ಏನೂ ಬದಲಾಗಿಲ್ಲ." ನೆಲದ ಮೇಲೆ ಹರಡಿದ ಮರದ ಹೊಟ್ಟು ತೋರಿಸುತ್ತಾರೆ, ನಡುವೆ ನಿಂತ ಹೊಟ್ಟೆ ಉಬ್ಬಿದ ಕಬ್ಬಿಣದ ಒಲೆ ತೋರಿಸುತ್ತಾರೆ, ಗೋಡೆ ತುಂಬ ಹಳದಿಗಟ್ಟಿದ ಪತ್ರಿಕೆ ತುಣುಕು ತೋರಿಸುತ್ತಾರೆ, ಎರಡು ಮಗ್ ಎತ್ತಿ ಮುಗಿಸುತ್ತಾರೆ. ನನ್ನ ತಕರಾರು ಆ ಒಂದು ವಾಕ್ಯದ ಮೇಲೆ. ಹೆಸರು ಬದಲಾಗಿದೆ, ಮಾಲೀಕರು ಬದಲಾಗಿದ್ದಾರೆ, ಏಲ್ ತಯಾರಾಗುವ ಜಾಗ ಬದಲಾಗಿದೆ, ಒಳಗೆ ಯಾರಿಗೆ ಪ್ರವೇಶ ಅನ್ನುವುದು ಕೋರ್ಟಿಗೆ ಹೋಗಿ ಬದಲಾಗಿದೆ, ಕಡೆಗೆ ಶೌಚಾಲಯ ಕೂಡ. ಅಲ್ಲಾಡದೆ ನಿಂತಿರುವುದು ವ್ಯಾಪಾರದ ಲೆಕ್ಕಾಚಾರ ಒಂದೇ. ವಿಡಿಯೋ ಮಾಡುವವರು ಅದನ್ನು ಬಿಟ್ಟು ಮಿಕ್ಕಿದ್ದೆಲ್ಲ ತೋರಿಸುತ್ತಾರೆ.

ಮೊದಲು ಆ 1854ರ ವಿಚಾರ. ಮ್ಯಾನ್‌ಹ್ಯಾಟನ್‌ನ ಪೂರ್ವ 7ನೇ ಬೀದಿ, 15ನೇ ನಂಬರಿನ ಕಟ್ಟಡ. ಐರ್ಲೆಂಡಿನ ಟಿರೋನ್ ಕೌಂಟಿಯಿಂದ ಹಸಿವಿನ ಕಾಲದ ಬೆನ್ನಿಗೇ ಹಡಗು ಹತ್ತಿ ಬಂದ ಜಾನ್ ಮ್ಯಾಕ್‌ಸೋರ್ಲಿ ಇಲ್ಲಿ 1854ರಲ್ಲಿ ಅಂಗಡಿ ತೆರೆದ ಅನ್ನುವುದು ಮನೆತನದ ಮಾತು, ಬೋರ್ಡಿನ ಮಾತು. ಆದರೆ ನಗರದ ಹಳೇ ತೆರಿಗೆ ಕಡತಗಳನ್ನು ಕೆದಕಿದ ಇತಿಹಾಸಕಾರರಿಗೆ ಸಿಕ್ಕಿದ್ದು ಬೇರೆ: 1860-61ರ ಹೊತ್ತಿಗೂ ಆ ನಿವೇಶನ ಖಾಲಿ. ಈಗ ನಿಂತಿರುವ ಐದಂತಸ್ತಿನ ಕಟ್ಟಡ 1865ರ ಆಸುಪಾಸಿನದು. ಕಡತ ಸರಿ ಅನ್ನುವುದಾದರೆ ಇನ್ನೊಂದು ಜನಪ್ರಿಯ ಕತೆಯೂ ಜೊತೆಗೇ ಬಿದ್ದುಹೋಗುತ್ತದೆ. ಲಿಂಕನ್ 1860ರ ಫೆಬ್ರವರಿ 27ರಂದು ಕೂಗಳತೆಯಲ್ಲಿರುವ ಕೂಪರ್ ಯೂನಿಯನ್ ಸಭಾಂಗಣದಲ್ಲಿ ತನ್ನ ಹೆಸರಾಂತ ಭಾಷಣ ಮಾಡಿದ್ದು ನಿಜ. ಅದಾದ ಮೇಲೆ ಇಲ್ಲಿಗೆ ಬಂದು ಏಲ್ ಕುಡಿದ ಅಂತ ಕುರ್ಚಿ ತೋರಿಸುವವರಿದ್ದಾರೆ. ಖಾಲಿ ಸೈಟಿನಲ್ಲಿ ಕುರ್ಚಿ ಹಾಕಿದವರು ಯಾರು ಅಂತ ಕೇಳಬೇಕಾಗುತ್ತದೆ!

ಕೂಪರ್ ಯೂನಿಯನ್ ಕಟ್ಟಿಸಿದ ಪೀಟರ್ ಕೂಪರ್ ಜಾನ್‌ಗೆ ಸ್ನೇಹಿತನಾಗಿದ್ದ, ಇಲ್ಲಿ ಬಂದು ಕೂರುತ್ತಿದ್ದ ಅನ್ನುವುದು ಮಾತ್ರ ಗಟ್ಟಿ ಕತೆ. ಅವನು 1883ರಲ್ಲಿ ತೀರಿಕೊಂಡ ಮೇಲೆ ಅವನ ಕುರ್ಚಿಯನ್ನು ಹಾಗೇ ಕಾಪಾಡಿದರು.

ಹೆಸರಿನ ಕತೆ ಇನ್ನೂ ಮಜಾ. ಜಾನ್ ಇಟ್ಟ ಹೆಸರು "ಓಲ್ಡ್ ಹೌಸ್ ಅಟ್ ಹೋಮ್". 1908ರ ಸುಮಾರಿಗೆ ಗಾಳಿಗೆ ಆ ಬೋರ್ಡು ಕಿತ್ತು ಬಿತ್ತು. ಹೊಸ ಬೋರ್ಡು ಮಾಡಿಸುವಾಗ ಹೆಸರನ್ನೇ ಬದಲಾಯಿಸಿಬಿಟ್ಟರು. ಅಂದರೆ ಇವತ್ತು ಜಗತ್ತೆಲ್ಲ "ಹಳೆಯದು" ಅಂತ ಕೈಮುಗಿಯುವ ಹೆಸರಿಗೆ ಅಂಗಡಿಗಿಂತ ಸುಮಾರು ಅರ್ಧ ಶತಮಾನ ಕಮ್ಮಿ ವಯಸ್ಸು. ಜಾನ್ 1910ರಲ್ಲಿ ಹೋದ, ಎಂಬತ್ತು ದಾಟಿದ ಮುದುಕ. ವ್ಯವಹಾರ ಮಗ ಬಿಲ್ ಕೈಗೆ ಆಗಲೇ ಬಂದಿತ್ತು.

ಈಗ ಲೆಕ್ಕಾಚಾರಕ್ಕೆ ಬರೋಣ. ನನ್ನ ಪ್ರಕಾರ ಈ ಅಂಗಡಿಯ ಚರಿತ್ರೆಯಲ್ಲಿ ಅತಿ ಮುಖ್ಯವಾದ ಇಸವಿ 1888. ಆ ವರ್ಷ ಜಾನ್ ಇಡೀ ಕಟ್ಟಡವನ್ನೇ ಕೊಂಡುಕೊಂಡ. ಆ ಕಾಲದ ನ್ಯೂಯಾರ್ಕಿನ ಸಲೂನುಗಳ, ಅಂದರೆ ಕುಡಿಯುವ ಬಾರುಗಳ, ಪಾಡು ನೋಡಿದರೆ ಇದರ ತೂಕ ಗೊತ್ತಾಗುತ್ತದೆ. ಬಹಳಷ್ಟು ಸಲೂನುಗಳು ಬಿಯರ್ ತಯಾರಿಸುವ ಬ್ರೂವರಿಗಳ ಸಾಲದಲ್ಲೇ ನಡೆಯುತ್ತಿದ್ದವು: ಬಾರ್ ಕಟ್ಟೆ, ಕನ್ನಡಿ, ಲೈಸೆನ್ಸ್ ದುಡ್ಡು ಎಲ್ಲ ಬ್ರೂವರಿ ಕೊಡೋದು, ಬದಲಿಗೆ ಅವರ ಮಾಲು ಮಾತ್ರ ಮಾರಬೇಕು. ಬಾಡಿಗೆ ಏರಿದರೆ, ಬ್ರೂವರಿ ಮುನಿಸಿಕೊಂಡರೆ, ಬಾಗಿಲು ಹಾಕಬೇಕು. ಸ್ವಂತ ಕಟ್ಟಡ ಇರುವವನಿಗೆ ಆ ಎರಡೂ ಕುತ್ತಿಗೆಪಟ್ಟಿ ಇಲ್ಲ. ಮಾರಾಟ ಅರ್ಧಕ್ಕೆ ಇಳಿದರೂ ತಿಂಗಳ ಕೊನೆಗೆ ಯಾರೂ ಬಾಗಿಲು ತಟ್ಟುವುದಿಲ್ಲ.

ಎರಡನೆಯ ಅಂಶ, ಮಾಲು. ಏಲ್ ಬಿಟ್ಟು ಬೇರೆ ಇಲ್ಲ. ಸ್ವಲ್ಪ ಕಾಲ ವಿಸ್ಕಿ ಗಿಸ್ಕಿ ಮಾರಿ ನೋಡಿ ಕೈಬಿಟ್ಟರು. ಇವತ್ತಿಗೂ ಕೇಳುವ ಪ್ರಶ್ನೆ ಒಂದೇ, ಲೈಟಾ ಡಾರ್ಕಾ? ಒಂದು ಅಂತ ಹೇಳಿದರೆ ಎರಡು ಮಗ್ ಬರುತ್ತದೆ. ಹೊಸಬರು "ನಾನು ಒಂದೇ ಕೇಳಿದ್ದು" ಅಂತ ಜಗಳಕ್ಕೆ ನಿಲ್ಲುವುದು ಇಲ್ಲೇ. ಮಗ್ ಸಣ್ಣದು, ಅರ್ಧ ಪೈಂಟಿನ ಆಸುಪಾಸು, ಅಂದರೆ 235 ಮಿಲಿಲೀಟರ್ ಚಿಲ್ಲರೆ. ಮೇಲೆ ಎರಡು ಬೆರಳು ನೊರೆ. ಹಾಗಾಗಿ ಎರಡು ಸೇರಿದರೂ ಒಂದು ಪೈಂಟಿಗೆ ಕಮ್ಮಿಯೇ. ಇದರಿಂದ ಅಂಗಡಿಗೆ ಎರಡು ಲಾಭ. ಸಪ್ಲೈಯರ್ ಒಂದೇ ಸುತ್ತಿಗೆ ಎರಡು ಸುತ್ತಿನ ಕೆಲಸ ಮುಗಿಸುತ್ತಾನೆ. ಸಣ್ಣ ಮಗ್‌ನಲ್ಲಿ ಏಲ್ ಬಿಸಿಯಾಗಿ ಸಪ್ಪೆಯಾಗುವ ಮೊದಲೇ ಖಾಲಿಯಾಗುತ್ತದೆ, ಮುಂದಿನ ಆರ್ಡರ್ ಬೇಗ ಬರುತ್ತದೆ. ಗಿರಾಕಿಗೂ ಲಾಭ ಇದೆ ಅನ್ನಿ: ಕೊನೇ ಗುಟುಕಿನವರೆಗೂ ನೊರೆ ಇರುತ್ತದೆ, ಮಗ್ ಚೆನ್ನಾಗಿ ತೊಳೆದಿದ್ದರೆ. ತೊಳೆಯುವಾಗ ಎಣ್ಣೆಜಿಡ್ಡೋ ಸೋಪೋ ಒಳಗೆ ಉಳಿದರೆ ಸುರಿದ ಅರೆ ನಿಮಿಷದಲ್ಲೇ ನೊರೆ ಕುಸಿಯುತ್ತದೆ. ಯಾವ ಬಾರಿನಲ್ಲಾದರೂ ಇದು ನೋಡಿ, ಮಗ್ಗಿನ ಒಳಗೋಡೆಗೆ ಗುಳ್ಳೆಗಳು ತೇಪೆತೇಪೆಯಾಗಿ ಅಂಟಿಕೊಂಡಿದ್ದರೆ ತೊಳೆದವರ ಕೈ ಸರಿಯಿಲ್ಲ.

ಮೂರನೆಯದು ಈರುಳ್ಳಿ. ಜಾನ್‌ಗೆ ಹಸಿ ಈರುಳ್ಳಿ ಹುಚ್ಚು. ಫ್ರೆಂಚ್ ಬ್ರೆಡ್ಡಿನ ತುದಿ ಮುರಿದು, ಒಳಗಿನ ಮೆತ್ತನೆಯದನ್ನು ತೋಡಿ ತೆಗೆದು, ಅಲ್ಲಿಗೆ ಇಡೀ ಈರುಳ್ಳಿ ತುರುಕಿ, ಸೇಬು ಕಚ್ಚಿದ ಹಾಗೆ ಕಚ್ಚಿ ತಿನ್ನುತ್ತಿದ್ದನಂತೆ. ಅದೇ ರುಚಿ ಗಿರಾಕಿಗಳ ತಟ್ಟೆಗೂ ಬಂತು: ಚೀಸ್, ಉಪ್ಪಿನ ಕ್ರ್ಯಾಕರ್ ಬಿಸ್ಕತ್ತು, ಹಸಿ ಈರುಳ್ಳಿ ಬಿಲ್ಲೆ. ಆಗ ಅದು ಏಲ್ ಕೊಂಡವರಿಗೆ ಬಿಟ್ಟಿ, ಈಗ ದುಡ್ಡಿಗೆ. ಜೊತೆಗೆ ಮೂಗಿನ ತನಕ ಏರುವ ಖಾರದ ಸಾಸಿವೆ. ಇದರಲ್ಲಿ ಒಲೆ ಹಚ್ಚುವ ಕೆಲಸವೇ ಇಲ್ಲ, ಅಡುಗೆಯವನ ಸಂಬಳವಿಲ್ಲ, ಈರುಳ್ಳಿ ಚೀಸ್ ಎರಡೂ ದಿನಗಟ್ಟಲೆ ಕೆಡುವುದಿಲ್ಲ. ಉಪ್ಪು ಮತ್ತು ಖಾರ ತಮ್ಮ ಕೆಲಸ ಮಾಡಿ ಗಿರಾಕಿಯ ಗಂಟಲು ಒಣಗಿಸುತ್ತವೆ.

ದುಡ್ಡಿನ ಪೆಟ್ಟಿಗೆ ಕತೆ ಕೇಳಿ. 1940ರಲ್ಲಿ ಲೇಖಕ ಜೋಸೆಫ್ ಮಿಚೆಲ್ ನ್ಯೂಯಾರ್ಕರ್ ಪತ್ರಿಕೆಗೆ ಬರೆದಾಗಲೂ ಅಲ್ಲಿ ಕ್ಯಾಶ್ ರಿಜಿಸ್ಟರ್ ಇರಲಿಲ್ಲ. ಸೂಪ್ ಬಟ್ಟಲುಗಳನ್ನು ಸಾಲಾಗಿ ಇಟ್ಟು, ಐದು ಸೆಂಟಿಗೆ ಒಂದು, ಹತ್ತಕ್ಕೆ ಒಂದು, ಕಾಲು ಡಾಲರಿಗೆ ಒಂದು, ಅರ್ಧ ಡಾಲರಿಗೆ ಒಂದು ಅಂತ ನಾಣ್ಯ ಹಾಕುತ್ತಿದ್ದರು. ನೋಟುಗಳಿಗೆ ಬೀಟೆ ಮರದ ಪೆಟ್ಟಿಗೆ. ಬಿಲ್‌ಗೆ ಬೆಕ್ಕಿನ ಗೀಳು. ಒಂದು ಕಾಲಕ್ಕೆ ಹದಿನೆಂಟು ಬೆಕ್ಕು ಸಾಕಿದ್ದ. ಊಟದ ಹೊತ್ತಿಗೆ ತಗಡಿನ ಪಾತ್ರೆ ಬಡಿದರೆ ಎಲ್ಲ ಓಡಿ ಬರೋವು. ಚಳಿಗಾಲದಲ್ಲಿ ಕೆಲವು ಮುದುಕರು ಮಗ್ಗನ್ನು ಒಲೆ ದಂಡೆ ಮೇಲಿಟ್ಟು ಏಲನ್ನು ಕಾಫಿಯಷ್ಟು ಬಿಸಿ ಮಾಡಿಕೊಂಡು ಕುಡಿಯುತ್ತಿದ್ದರು. ನನಗೆ ಅದು ರುಚಿಸುವ ಸಾಧ್ಯತೆ ಇಲ್ಲ, ಆದರೆ ಒಂದೇ ಮಗ್ ಹಿಡಿದು ಮಧ್ಯಾಹ್ನವೆಲ್ಲ ಬೆಂಕಿ ಮುಂದೆ ಕೂರಲು ಬಿಟ್ಟ ಮಾಲೀಕನ ಧಾರಾಳ ದೊಡ್ಡದು. ಆ ಧಾರಾಳ ಕೂಡ ಬಾಡಿಗೆ ಕಟ್ಟದವನಿಗೇ ಸಾಧ್ಯ.

1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧ. ಸಾವಿರಾರು ಸಲೂನುಗಳು ಮುಚ್ಚಿದವು ಅಥವಾ ಕಳ್ಳಬಾಗಿಲಿನ ಅಡ್ಡೆಗಳಾದವು. ಇಲ್ಲಿ ಬಾಗಿಲು ಹಾಕಲಿಲ್ಲ, ಕದ್ದುಮುಚ್ಚಿ ಮಾಡುವ ನಾಟಕವನ್ನೂ ಆಡಲಿಲ್ಲ. ಹೆಸರಿಗೆ "ನಿಯರ್ ಬಿಯರ್", ಅಂದರೆ ಮದ್ಯಸಾರ ಅರ್ಧ ಶೇಕಡಾ ಮೀರದ ಪಾನೀಯ. ನಿಜಕ್ಕೆ, ನೆಲಮಾಳಿಗೆಯಲ್ಲಿ ಪೀಪಾಯಿ, ಬಟ್ಟೆ ಒಗೆಯುವ ತೊಟ್ಟಿಗಳನ್ನು ಸಾಲಾಗಿಟ್ಟು ನಿವೃತ್ತ ಬ್ರೂವರ್ ಬಾರ್ನಿ ಕೆಲ್ಲಿ ಅಸಲಿ ಏಲ್ ತಯಾರಿಸುತ್ತಿದ್ದ. ಬ್ರಾಂಕ್ಸ್‌ನಿಂದ ವಾರಕ್ಕೆ ಮೂರು ಸಲ ಬಂದು ಹೋಗುತ್ತಿದ್ದ. ಮಾಲ್ಟ್ (ಮೊಳಕೆ ಕಟ್ಟಿದ ಧಾನ್ಯ) ಬೇಯಿಸಿದ ದಿನ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಒದ್ದೆ ವಾಸನೆ ಇಡೀ ಕಟ್ಟಡಕ್ಕೆ ಏರುತ್ತಿತ್ತು. ವಾಸನೆ ಬೀದಿಗೆ ಬಂದರೂ ದಾಳಿ ಆಗಲಿಲ್ಲ. ಕಾರಣ ಪವಾಡವಲ್ಲ: ನಗರದ ಡೆಮಾಕ್ರಟಿಕ್ ಪಕ್ಷವನ್ನು ಹಿಡಿತದಲ್ಲಿಟ್ಟಿದ್ದ ಟ್ಯಾಮನಿ ಹಾಲ್ ಬಣದ ರಾಜಕಾರಣಿಗಳು, ಪೊಲೀಸ್ ಅಧಿಕಾರಿಗಳು ಕೂತು ಕುಡಿಯುತ್ತಿದ್ದ ಜಾಗ ಅದು. "ಎದುರಿಸಿ ನಿಂತ ಅಂಗಡಿ" ಅಂತ ಇದನ್ನು ಹೊಗಳುವವರು ಈ ಸಾಲನ್ನು ಬಿಟ್ಟುಬಿಡುತ್ತಾರೆ. ನಿಷೇಧ ತೆರವಾದ ಮೇಲೆ ನೆಲಮಾಳಿಗೆಯ ಕೆಲಸ ನಿಂತಿತು, ಏಲ್ ಫಿಡೆಲಿಯೋ ಬ್ರೂವರಿಯಿಂದ ಬರತೊಡಗಿತು. ಆಮೇಲೆ ಬೇರೆ ಬೇರೆ ಕಂಪನಿಗಳ ಕೈ ದಾಟಿದೆ. ಹಾಗಾಗಿ "ಅಜ್ಜನ ಕಾಲದ ರುಚಿ" ಅನ್ನುವುದನ್ನೂ ಸ್ವಲ್ಪ ಉಪ್ಪು ಹಾಕಿಕೊಂಡೇ ನುಂಗಬೇಕು, ಕ್ರ್ಯಾಕರ್ ಹೇಗೂ ಪಕ್ಕದಲ್ಲಿದೆ.

1936ರಲ್ಲಿ ಬಿಲ್ ಅಂಗಡಿಯನ್ನು ಡೇನಿಯಲ್ ಓಕಾನೆಲ್ ಎಂಬ ಪೊಲೀಸಿನವನಿಗೆ ಮಾರಿದ. ಮೂರು ವರ್ಷದಲ್ಲಿ ಓಕಾನೆಲ್ ತೀರಿಕೊಂಡ, ಮಗಳು ಡೊರೊತಿ ಕಿರ್ವನ್ ಮಾಲೀಕಳಾದಳು. ಹೆಂಗಸರಿಗೆ ಪ್ರವೇಶವಿಲ್ಲದ ಸಲೂನಿಗೆ ಹೆಂಗಸೇ ಒಡತಿ! ಹೆಂಗಸರನ್ನು ಒಳಗೆ ಬಿಡುವುದಿಲ್ಲವೆಂದು ಅಪ್ಪನಿಗೆ ಮಾತು ಕೊಟ್ಟಿದ್ದಳು, ತಾನೂ ಅಂಗಡಿ ನಡೆಯುವ ಹೊತ್ತಿನಲ್ಲಿ ಒಳಗೆ ಕಾಲಿಡುತ್ತಿರಲಿಲ್ಲ. ವ್ಯವಹಾರ ಗಂಡ ಹ್ಯಾರಿಯದು.

"ಒಳ್ಳೇ ಏಲ್, ಹಸಿ ಈರುಳ್ಳಿ, ಹೆಂಗಸರಿಲ್ಲ" ಅನ್ನುವುದು ಅಲ್ಲಿನ ಘೋಷವಾಕ್ಯ. ಕಡಲೆಕಾಯಿ ಮಾರುವ ಒಬ್ಬ ಮುದುಕಿಗೆ ಮಾತ್ರ ರಿಯಾಯಿತಿ ಇತ್ತು. ಇದನ್ನು ಇವತ್ತಿಗೂ ಚೇಷ್ಟೆಯ ಹಾಗೆ, ತಮಾಷೆಯ ಹಾಗೆ ಹೇಳುವುದು ನನಗೆ ಸರಿಕಾಣುವುದಿಲ್ಲ. 1969ರ ಜನವರಿಯಲ್ಲಿ ವಕೀಲೆ ಫೇತ್ ಸೈಡೆನ್‌ಬರ್ಗ್ ಮತ್ತು ಕ್ಯಾರೆನ್ ಡಿಕ್ರೋ, ಇಬ್ಬರೂ ಮಹಿಳಾ ಸಂಘಟನೆ 'ನೌ'ಗೆ ಸೇರಿದವರು, ಒಳಗೆ ಹೋಗಿ ಏಲ್ ಕೇಳಿದರು. ಕೊಡಲಿಲ್ಲ, ಹೊರಗೆ ಕಳಿಸಿದರು. ಅವರು ಫೆಡರಲ್ ಕೋರ್ಟಿಗೆ ಹೋದರು. ವಾದದ ತಿರುಳು ಜಾಣತನದ್ದು: ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಡಬೇಕು ಅನ್ನುವ ಸಂವಿಧಾನದ 14ನೇ ತಿದ್ದುಪಡಿ ಸರ್ಕಾರವನ್ನು ಕಟ್ಟಿಹಾಕುತ್ತದೆ, ಖಾಸಗಿ ಅಂಗಡಿಯನ್ನಲ್ಲ. ಆದರೆ ಮದ್ಯದ ಲೈಸೆನ್ಸ್ ಕೊಡುವುದು, ನಿಯಮ ಹಾಕುವುದು, ತಪಾಸಣೆ ಮಾಡುವುದು ಎಲ್ಲ ರಾಜ್ಯ ಸರ್ಕಾರವೇ. ಸರ್ಕಾರ ಇಷ್ಟು ಬೆರೆತಿರುವ ವ್ಯಾಪಾರದಲ್ಲಿ ತಾರತಮ್ಯ ನಡೆದರೆ ಅದರಲ್ಲಿ ಸರ್ಕಾರದ ಕೈಯೂ ಇದೆ. ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡ್ 1970ರ ಜೂನ್ 25ರಂದು ಇದನ್ನು ಒಪ್ಪಿ ತೀರ್ಪು ಕೊಟ್ಟರು. ಎರಡೇ ವರ್ಷದಲ್ಲಿ, ಬೇರೊಂದು ಮೊಕದ್ದಮೆಯಲ್ಲಿ, ಬರೀ ಮದ್ಯದ ಲೈಸೆನ್ಸ್ ಇದ್ದಮಾತ್ರಕ್ಕೆ ಸರ್ಕಾರ ಪಾಲುದಾರನಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ಆದರೂ ಬಾಗಿಲು ಮತ್ತೆ ಮುಚ್ಚಲಿಲ್ಲ. ಯಾಕೆಂದರೆ 1970ರ ಆಗಸ್ಟ್ 10ರಂದು ಮೇಯರ್ ಲಿಂಡ್ಸೇ, ಬಾರಿನಂಥ ಸಾರ್ವಜನಿಕ ಜಾಗಗಳಲ್ಲಿ ಗಂಡು ಹೆಣ್ಣೆಂಬ ತಾರತಮ್ಯ ಮಾಡಬಾರದೆನ್ನುವ ನಗರದ ಕಾನೂನಿಗೇ ಸಹಿ ಹಾಕಿದ್ದರು. ತೀರ್ಪಿಗಿಂತ ಆ ನಗರ ಕಾನೂನೇ ಗಟ್ಟಿ ಚಿಲಕವಾಯಿತು.

ಹೆಂಗಸರಿಗೆ ಬಾಗಿಲು ತೆರೆದ ದಿನ ನೀವೇ ಮೊದಲು ಬನ್ನಿ ಅಂತ ಕರೆದಾಗ ಒಡತಿ ಡೊರೊತಿ ಒಪ್ಪಲಿಲ್ಲ, ಅಪ್ಪನಿಗೆ ಕೊಟ್ಟ ಮಾತು. ಮೊದಲ ಏಲ್ ಸಿಕ್ಕಿದ್ದು ನೆರೆಯಲ್ಲೇ ಚರ್ಮದ ಚಪ್ಪಲಿ ಮಾಡುತ್ತಿದ್ದ ಬಾರ್ಬರಾ ಶಾಮ್‌ಗೆ. ಅದೇ ದಿನ ಬಂದ ಇನ್ನೊಬ್ಬ ಮಹಿಳೆಯ ತಲೆ ಮೇಲೆ ಒಬ್ಬ ಗಿರಾಕಿ ಮಗ್ ತುಂಬ ಏಲ್ ಸುರಿದ. ಮಹಿಳೆಯರಿಗೆ ಪ್ರತ್ಯೇಕ ಶೌಚಾಲಯ ಬಂದದ್ದು 1986ರಲ್ಲಿ, ಅಂದರೆ ಪ್ರವೇಶ ಸಿಕ್ಕ 16 ವರ್ಷದ ಮೇಲೆ! ಅದರ ನಡುವೆ, 1977ರಲ್ಲಿ, ಐರ್ಲೆಂಡಿನಿಂದ ಬಂದು ಅಲ್ಲೇ ಕೆಲಸಕ್ಕಿದ್ದ ಮ್ಯಾಥ್ಯೂ ಮಾಹರ್ ಅಂಗಡಿ ಕೊಂಡರು. 1994ರಲ್ಲಿ ಅವರ ಮಗಳು ತೆರೇಸಾ ಬಾರ್ ಕಟ್ಟೆಯ ಹಿಂದೆ ನಿಂತ ಮೊದಲ ಹೆಣ್ಣುಮಗಳಾದರು. ಮ್ಯಾಥ್ಯೂ 2020ರಲ್ಲಿ ತೀರಿಕೊಂಡರು.

ಕೊನೆಗೆ ಮೂಳೆಗಳ ವಿಚಾರ. ಬಾರಿನ ಮೇಲಿನ ಗ್ಯಾಸ್ ದೀಪದ ಸರಳಿಗೆ ಟರ್ಕಿ ಕೋಳಿಯ ಎದೆಯ ಕವೆಮೂಳೆಗಳು ನೇತಾಡುತ್ತವೆ. ಮೊದಲ ಮಹಾಯುದ್ಧಕ್ಕೆ ಹೊರಟ ಹುಡುಗರು ಕಟ್ಟಿ ಹೋದವು, ಬದುಕಿ ಬಂದವರು ತಮ್ಮದನ್ನು ಬಿಚ್ಚಿಕೊಂಡರು, ಉಳಿದವು ಬಾರದವರದು ಅನ್ನುವುದು ಈಗಿನ ಕತೆ. ಕರುಳು ಹಿಂಡುತ್ತದೆ ನಿಜ. ಆದರೆ 1940ರ ಮಿಚೆಲ್ ಬರಹದಲ್ಲಿ ಯುದ್ಧದ ಸೊಲ್ಲೇ ಇಲ್ಲ. ಹಬ್ಬಕ್ಕೆ ಕೊಯ್ದ ಕೋಳಿಗಳ ಮೂಳೆಗಳನ್ನು ಜಾನ್ ಮುದುಕ ಕೂಡಿಟ್ಟು ಕಟ್ಟಿದ್ದು ಅಂತಷ್ಟೇ ಇದೆ. ಎರಡೂ ಭಾಗಶಃ ನಿಜವಿರಬಹುದು. ಧೂಳು ಮಾತ್ರ ನೂರಕ್ಕೆ ನೂರು ನಿಜವಾಗಿತ್ತು. ಬೂದುಬಣ್ಣದ ಉಣ್ಣೆಯ ಹಾಗೆ ಮೂಳೆಗಳಿಂದ ಜೋತುಬಿದ್ದಿದ್ದ ಆ ಧೂಳು ಕುಡಿಯುವವರ ಮಗ್ಗಿನ ನೇರ ಮೇಲೆ ಇತ್ತು. 2011ರಲ್ಲಿ ನಗರದ ಆರೋಗ್ಯ ಇಲಾಖೆ ಒತ್ತಾಯಿಸಿದ ಮೇಲೆ ಮ್ಯಾಥ್ಯೂ ಮಾಹರ್ ಬೇರೆ ಯಾರನ್ನೂ ಮುಟ್ಟಲು ಬಿಡದೆ ತಾವೇ ಇಳಿಸಿ, ಒರೆಸಿ, ಮತ್ತೆ ಕಟ್ಟಿದರು. ಅಭಿಮಾನಿಗಳು ಬಹಳ ಗೋಳಾಡಿದರು. ನಾನು ಇಲಾಖೆಯ ಪಕ್ಷ. ಅದೇ ವರ್ಷ ಅಂಗಡಿಯ ಬೆಕ್ಕಿಗೂ ವ್ಯಾಪಾರದ ಹೊತ್ತಿನಲ್ಲಿ ಒಳಗಿರಬಾರದೆಂದು ಅಪ್ಪಣೆಯಾಯಿತು. 2016ರ ನವೆಂಬರಿನಲ್ಲಿ ಇಲಿ ಕಾಟಕ್ಕೆ ಅದೇ ಇಲಾಖೆ ಕೆಲವು ದಿನ ಅಂಗಡಿಗೆ ಬೀಗ ಹಾಕಿಸಿತು. ಹದಿನೆಂಟು ಬೆಕ್ಕು ಸಾಕಿದ್ದ ಬಿಲ್ ಇದ್ದಿದ್ದರೆ ಇಲಾಖೆಗೆ ಏನು ಪತ್ರ ಬರೆಯುತ್ತಿದ್ದನೋ.

ಜೆರ್ಸಿ ಸಿಟಿ ಕಡೆ ಇರುವ ನಮ್ಮವರಿಗೆ: ಪಾತ್ ರೈಲಿನಲ್ಲಿ 9ನೇ ಬೀದಿ ನಿಲ್ದಾಣಕ್ಕೆ ಬಂದು ಪೂರ್ವಕ್ಕೆ ಕಾಲು ಗಂಟೆ ನಡೆದರೆ ಸಾಕು. ಸಬ್‌ವೇ ಆದರೆ 6ನೇ ನಂಬರಿನ ರೈಲು, ಆಸ್ಟರ್ ಪ್ಲೇಸ್. ವಾರದ ನಡುವೆ, ಮಧ್ಯಾಹ್ನ ಹೋಗಿ. ಶನಿವಾರ ಸಂಜೆ ಮತ್ತು ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ದಿನ ಬಾಗಿಲಾಚೆ ಸಾಲು ನಿಂತಿರುತ್ತದೆ, ಒಳಗೆ ಹೋದರೂ ಗೋಡೆ ನೋಡಲು ಆಗುವುದಿಲ್ಲ. ಕಾರ್ಡ್ ನಂಬಿಕೊಂಡು ಹೋಗಬೇಡಿ, ನಗದು ಇರಲಿ. ತಲೆ ನರೆತಿದ್ದರೂ ಗುರುತಿನ ಚೀಟಿ ಇರಲಿ. ಸಸ್ಯಾಹಾರಿಗಳಿಗೆ ಚೀಸ್ ತಟ್ಟೆ ಇದ್ದೇ ಇದೆ. ಸಾಸಿವೆಯನ್ನು ಮೊದಲು ಚಾಕುವಿನ ತುದಿಯಷ್ಟು ಹಾಕಿ ನೋಡಿ. ನಾವು ಖಾರ ತಿಂದವರು ಅನ್ನುವ ಜಂಬ ಬೇಡ, ಇದು ನಾಲಿಗೆಗೆ ಬಡಿಯುವ ಮೆಣಸಿನಕಾಯಿ ಖಾರ ಅಲ್ಲ, ನೆತ್ತಿಗೆ ಹೊಡೆಯುತ್ತದೆ. ಒಬ್ಬೊಬ್ಬರಿಗೆ ಒಂದೇ ಮಗ್ ಸಾಕು ಅನ್ನಿಸಿದರೆ ಇಬ್ಬರು ಸೇರಿ ಒಂದು ಲೈಟ್ ಹೇಳಿ, ಹೇಗೂ ಎರಡು ಬರುತ್ತದೆ.