ಕೊನೆಗೌಡರಿಗೊಂದು ಕಾಲೇಜು

ಅಡಿಕೆ ಕೊಯ್ಲಿನ ಕಾಲದಲ್ಲಿ ಸಾಗರ, ಹೊಸನಗರದ ಕಡೆ ಎಲ್ಲರಿಗಿಂತ ದೊಡ್ಡ ಮನುಷ್ಯ ಯಾರು? ಎಂಎಲ್‌ಎ ಸಾಹೇಬರು ಕ್ಷಮಿಸಬೇಕು, ಕೊನೆಗೌಡ. ಅವನು ಬರುವ ದಿನ ಗೊತ್ತಾಗುವವರೆಗೆ ಮನೆಯಲ್ಲಿ ಬೇರೆ ಯಾವ ಕಾರ್ಯಕ್ರಮವೂ ನಿಗದಿಯಾಗುವುದಿಲ್ಲ. ಮರ ಹತ್ತಿ, ಕೊನೆ ಅಂದರೆ ಅಡಿಕೆ ಗೊಂಚಲು ಕೊಯ್ದು ಹಗ್ಗದಲ್ಲಿ ಇಳಿಬಿಟ್ಟು, ತಾನು ಇಳಿಯದೆಯೇ ಪಕ್ಕದ ಮರಕ್ಕೆ ದಾಟುವವನು ಅವನು. ಕೇಳಿದಷ್ಟು ಕೂಲಿ ಕೊಟ್ಟು, ‘ಮಧ್ಯಾಹ್ನಕ್ಕೆ ಎಂತ ಅಡುಗೆ ಮಾಡ್ಸಲಿ ಗೌಡ್ರೇ?’ ಎಂದು ಯಜಮಾನರೇ ವಿಚಾರಿಸುತ್ತಾರೆ. ಅದೇ ಮನೆಯ ಬಿ.ಇ. ಹುಡುಗ ಜಗಲಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿರುತ್ತಾನೆ. ಅವನ ಊಟ ಕೇಳುವವರಿಲ್ಲ.

ಇದು ಅನ್ಯಾಯ. ಇದನ್ನು ಸರಿಮಾಡುವ ಉಪಾಯ ನಮಗೆ ಚೆನ್ನಾಗಿ ಗೊತ್ತು. ಒಂದು ಕಾಲೇಜು ತೆಗೆದರಾಯಿತು.

ಟೈಪಿಂಗ್ ಬಲ್ಲವರಿಗೆ ಬೆಲೆ ಇದ್ದಾಗ ಊರೂರಿಗೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ಬಂತು. ಆಮೇಲೆ ಡಿಟಿಪಿ, ಕಂಪ್ಯೂಟರ್ ಕ್ಲಾಸು. ಇಂಜಿನಿಯರಿಂಗ್ ಕಥೆಯಂತೂ ಕೇಳಲೇಬೇಡಿ. 2011ರ ಸುಮಾರಿಗೆ ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ವರ್ಷಕ್ಕೆ 3.25 ಲಕ್ಷದ ಆಸುಪಾಸು ಕೊಡುತ್ತಿದ್ದವು. ಈಗಲೂ ಮೂರೂವರೆಯ ಹತ್ತಿರವೇ. ಆಗ 10 ಗ್ರಾಂ ಚಿನ್ನಕ್ಕೆ 26 ಸಾವಿರದಷ್ಟಿತ್ತು. ವರ್ಷದ ಸಂಬಳ ಪೂರ್ತಿ ಸುರಿದರೆ 100 ಗ್ರಾಂ ದಾಟುತ್ತಿತ್ತು. 2025ರಲ್ಲಿ ಅದೇ 10 ಗ್ರಾಂ ಲಕ್ಷ ಮೀರಿತು. ಈಗ 35 ಗ್ರಾಂ ಕೂಡ ಬರುವುದಿಲ್ಲ. ಹೆಣ್ಣಿನ ಕಡೆಯವರು ಈ ಲೆಕ್ಕ ಎಂದೋ ಹಾಕಿ ಮುಗಿಸಿದ್ದಾರೆ! ಇಷ್ಟಾದರೂ 2024-25ರಿಂದ ಇಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಡುವ ಎಐಸಿಟಿಇ, ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯನ್ನೇ ತೆಗೆಯಿತು. ಪಾಯಸ ಖಾಲಿಯಾದ ಮೇಲೆ ಇನ್ನೂ ನೂರು ಎಲೆ ಹಾಕಿದ ಹಾಗೆ.

ಆದ್ದರಿಂದ ಶಿವಮೊಗ್ಗದಲ್ಲಿ ‘ಬಿ.ಟೆಕ್ ಇನ್ ಕೊನೆ ಸೈನ್ಸ್’ ಶುರುವಾಗಲಿ. ಮೊದಲ ವರ್ಷ ಬರೀ ಗಣಿತ. ಎರಡನೇ ವರ್ಷ ಮರದ ಪಿಪಿಟಿ. ಮೂರನೇ ವರ್ಷ ಕಾರ್ಬನ್ ಫೈಬರ್ ದೋಟಿ. (ನೆಲದ ಮೇಲೆ ನಿಂತೇ ಕೊಯ್ಯುವ ಈ ದೋಟಿ ತೋಟಗಳಿಗೆ ಆಗಲೇ ಬಂದಿದೆ. ಕೊನೆಗೌಡರು ಅದನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದಾರೆ.) ಮರ ಹತ್ತುವುದು ಕಡೇ ಸೆಮಿಸ್ಟರ್‌ನಲ್ಲಿ, ಅದೂ ನಾಲ್ವರ ಪ್ರಾಜೆಕ್ಟ್. ಒಬ್ಬ ಹತ್ತುತ್ತಾನೆ, ಮೂವರು ರಿಪೋರ್ಟ್ ಬೈಂಡ್ ಮಾಡಿಸುತ್ತಾರೆ.

ಮೊದಲ ಬ್ಯಾಚಿಗೆ ಭರ್ಜರಿ ಪ್ಯಾಕೇಜ್, ಗೋಪಿ ಸರ್ಕಲ್‌ನಲ್ಲಿ ಫ್ಲೆಕ್ಸ್. ಫ್ಲೆಕ್ಸ್ ನೋಡಿ ಮತ್ತೆ ನಾಲ್ಕು ಕಾಲೇಜು. ಐದನೇ ಬ್ಯಾಚಿನ ಹೊತ್ತಿಗೆ ತೋಟದ ಯಜಮಾನರು ಕಾಲು ಮೇಲೆ ಕಾಲು ಹಾಕಿ ಇಂಟರ್‌ವ್ಯೂ ಮಾಡುತ್ತಾರೆ.

‘ಅನುಭವ ಇದೆಯೇನಪ್ಪಾ?’

‘ಲ್ಯಾಬ್‌ನಲ್ಲಿ ಹತ್ತಿದೀನಿ ಸಾರ್.’

‘ಆರು ತಿಂಗಳು ಕೆಳಗೆ ಉದುರಡಿಕೆ ಹೆಕ್ಕು, ಆಮೇಲೆ ನೋಡೋಣ. ಹಾಂ, ಹಗ್ಗ ನೀನೇ ತರಬೇಕು ಮಾರಾಯ.’

ಹೆಕ್ಕುವ ಕೆಲಸವೂ ಸಿಗದವರು ಹೆದರಬೇಕಿಲ್ಲ. ಅವರಿಗಾಗಿ ಅದೇ ಕಾಲೇಜಿನಲ್ಲಿ ಲೆಕ್ಚರರ್ ಹುದ್ದೆ ಕಾದಿರುತ್ತದೆ. ಮರ ಹತ್ತಲು ಬರಬೇಕೆಂಬ ನಿಯಮವಿಲ್ಲ. ಅಡ್ಮಿಷನ್ ಸಮಯದಲ್ಲಿ ತಲಾ ಹತ್ತು ಹುಡುಗರನ್ನು ಕರೆತಂದರೆ ಸಾಕು.