ನೀರು ಕುಡಿದರೆ ಒತ್ತಡ ಹೊರಟುಹೋಗುತ್ತಾ?

ಗಟಗಟನೆ ನೀರು ಕುಡಿದರೆ ಒತ್ತಡದ ಹಾರ್ಮೋನು ಮೂತ್ರದಲ್ಲಿ ಹೊರಹೋಗುತ್ತದೆ, ಮಾತ್ರೆಯೇ ಬೇಡ. ಇಂಥ ಮೆಸೇಜು ಆಗಾಗ ಫಾರ್ವರ್ಡ್ ಆಗಿ ಬರುತ್ತಲೇ ಇರುತ್ತದೆ, ಅಲ್ವಾ? ಇದು ಸರಿಯಲ್ಲ.

ಆ ಹಾರ್ಮೋನು ಕಾರ್ಟಿಸಾಲ್. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅದನ್ನು ತಯಾರಿಸುತ್ತವೆ. ಎಷ್ಟು ಬೇಕೆಂದು ಹೇಳುವುದು ಮೆದುಳು, ಒಡೆಯುವುದು ಹೆಚ್ಚಾಗಿ ಯಕೃತ್ತು. ಜಾಸ್ತಿ ನೀರು ಕುಡಿದರೆ ಮೂತ್ರ ತಿಳಿಯಾಗುತ್ತದೆ, ಅಷ್ಟೇ. ಚಿಂತೆಯ ಕಾರಣ ಹಾಗೇ ಇದ್ದರೆ ಹಾರ್ಮೋನು ಮತ್ತೆ ತಯಾರಾಗುತ್ತದೆ.

ಹಾಗಂತ ಸುಮ್ನೆ ಹುಟ್ಟಿದ ನಂಬಿಕೆಯೂ ಅಲ್ಲ. ದೇಹಕ್ಕೆ ನೀರು ಸಾಲದಿದ್ದರೆ ತಲೆನೋವು, ಸುಸ್ತು, ಕಿರಿಕಿರಿ ಬರಬಹುದು. ಆಗ ನೀರು ಕುಡಿದರೆ ಹಾಯೆನಿಸುತ್ತದೆ. ಹಂಚುವವರು ಬಹುಶಃ ಇದನ್ನೇ ಕಂಡಿರುತ್ತಾರೆ. ಬಾಯಾರಿದಾಗ ಕುಡಿಯುವುದು ಬಹುಪಾಲು ಜನರಿಗೆ ಸಾಕು. ಕಡಿಮೆ ಹೊತ್ತಿನಲ್ಲಿ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗಬಹುದು. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರು ಹೇಳಿದಷ್ಟೇ ಕುಡಿಯಬೇಕು.

ಇಂಥ ಮೆಸೇಜು ಬಂದಾಗ ಅಧ್ಯಯನದ ಹೆಸರು, ವರ್ಷ ಇದೆಯೇ ನೋಡಿ. "ಸಂಶೋಧನೆ ಹೇಳಿದೆ" ಅಂತಷ್ಟೇ ಇದ್ದರೆ ಅನುಮಾನ ಪಡಿ. ಕಾರ್ಟಿಸಾಲ್ ಎಂದು ಹುಡುಕಿ, ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜಿನ ಎರಡು ಪುಟ ಓದಿ. ಔಷಧ ನಿಲ್ಲಿಸಿ ಎನ್ನುವ ಮೆಸೇಜಾದರೆ, ಮುಂದೆ ಕಳಿಸುವ ಮೊದಲು ವೈದ್ಯರನ್ನೇ ಕೇಳಿ.