ವಿವೇಚನೆಯಂತೆ, ವಿವೇಚನೆ!

ಬೆಳಿಗ್ಗೆ ಬೆಳಿಗ್ಗೆ ತಲೆ ಕೆಟ್ಟಿದೆ. ಉದ್ದ ಆದರೆ ಬೈಕೋಬೇಡಿ.

ಪಕ್ಕದ ಮನೆ ಹುಡುಗ ಮಾಡ್ಯುಲರ್ ಕಿಚನ್ ಶೋರೂಮಿನಲ್ಲಿ ಸೇಲ್ಸ್‌ನಲ್ಲಿದ್ದ. ದೀಪಾವಳಿ ತಿಂಗಳಲ್ಲಿ 11 ಕಿಚನ್ ಮಾರಿದ. ಒಂದೊಂದಕ್ಕೂ ಒಂದೂವರೆ ಪರ್ಸೆಂಟ್ ಇನ್ಸೆಂಟಿವ್, ಅಂದರೆ ಮಾರಾಟದ ಕಮಿಷನ್, ಅಂತ ಮ್ಯಾನೇಜರ್ರೇ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದರು, ಮೂರು ರಾಕೆಟ್ ಚಿತ್ರದ ಜೊತೆ. ಬೇರೆ ಕಡೆ ಕೆಲಸ ಸಿಕ್ಕಿತು, ಪೇಪರ್ ಹಾಕಿದ. ನಿನ್ನೆ ಫುಲ್ ಅಂಡ್ ಫೈನಲ್ ಶೀಟ್, ಅಂದರೆ ಕೆಲಸ ಬಿಡುವಾಗಿನ ಕೊನೇ ಲೆಕ್ಕದ ಹಾಳೆ, ತಂದು ತೋರಿಸಿದ. ಇನ್ಸೆಂಟಿವ್ ಕಾಲಮ್ಮಿನಲ್ಲಿ ಒಂದು ಅಡ್ಡಗೆರೆ. ಸೊನ್ನೆ ಕೂಡ ಬರೆಯಲಿಲ್ಲ ಪುಣ್ಯಾತ್ಮರು! ಕೇಳಿದರೆ, "ಅದು ಮ್ಯಾನೇಜ್‌ಮೆಂಟಿನ ವಿವೇಚನೆಗೆ ಬಿಟ್ಟಿದ್ದು, ಆಫರ್ ಲೆಟರ್ ಓದಿ" ಅಂತ ಎಚ್‌ಆರ್ ಉತ್ತರ.

ಓದಿದೆ. ಕೊನೇ ಪುಟದಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ ಇದೆ. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಬಾಯಲ್ಲಿ ಪರ್ಸೆಂಟು, ಕೊಡುವಾಗ ವಿವೇಚನೆ.

ಕಾನೂನಿನ ಕಥೆ ಇನ್ನೂ ಮಜಾ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಮಾರಾಟದ ಕಮಿಷನ್ನೂ ವೇತನದ ಲೆಕ್ಕಕ್ಕೇ ಸೇರಿತ್ತು. 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ವೇತನ ಸಂಹಿತೆ ಅದನ್ನು ಹೊರಗಿಟ್ಟಿದೆ. ಹೀಗೆ ಹೊರಗಿಟ್ಟ ಬಾಬ್ತುಗಳೆಲ್ಲ ಸೇರಿ ಒಟ್ಟು ಗಳಿಕೆಯ ಅರ್ಧ ದಾಟಿದರೆ, ದಾಟಿದಷ್ಟು ಮಾತ್ರ ವೇತನ. ಕೆಲಸ ಬಿಟ್ಟವನಿಗೆ ಎರಡು ಕೆಲಸದ ದಿನದೊಳಗೆ ವೇತನ ಚುಕ್ತಾ ಮಾಡಬೇಕು ಅಂತಲೂ ಅದೇ ಸಂಹಿತೆ ಹೇಳುತ್ತದೆ. ಸಂಬಳ ಬಂತು. ವೇತನ ಅಲ್ಲದ ಕಮಿಷನ್ನಿಗೆ ಅಡ್ಡಗೆರೆ.

ವೇತನ ಅಲ್ಲ ಅಂದ ಮಾತ್ರಕ್ಕೆ ಅದು ಭಿಕ್ಷೆ ಆಗಿಬಿಡುತ್ತಾ? ಇಷ್ಟು ಮಾರಿದರೆ ಇಷ್ಟು ಅಂತ ಹೇಳಿ ದುಡಿಸಿಕೊಂಡಿದ್ದು ಕರಾರು ಅಲ್ವಾ? 1872ರ ಕರಾರು ಕಾಯ್ದೆ ಇನ್ನೂ ಬದುಕಿದೆ. ಲಂಡನ್ನಿನಲ್ಲಿ ಷೇರು ವ್ಯವಹಾರದ ಕಂಪನಿಯೊಂದು ಭಾರೀ ಲಾಭ ತಂದುಕೊಟ್ಟವನನ್ನು ಮನೆಗೆ ಕಳಿಸಿ, ಬೋನಸ್ ನಮ್ಮ ವಿವೇಚನೆ ಅಂತ ಸೊನ್ನೆ ಕೊಟ್ಟಿತ್ತು. 2000ದಲ್ಲಿ ಅಲ್ಲಿನ ಕೋರ್ಟು, ತಲೆಬುಡ ಇಲ್ಲದ ತೀರ್ಮಾನವನ್ನು ವಿವೇಚನೆ ಅನ್ನೋಕಾಗಲ್ಲ ಅಂತ ಸುಮಾರು 13.5 ಲಕ್ಷ ಪೌಂಡ್ ಕೊಡಿಸಿತು. ಅದು ನಮ್ಮ ಕೋರ್ಟಲ್ಲ, ಗೊತ್ತು. ಆದರೂ ಓದಿದಾಗ ಹೊಟ್ಟೆ ತಣ್ಣಗಾಯಿತು.

"ಗಿರಾಕಿ ಆರ್ಡರ್ ಕ್ಯಾನ್ಸಲ್ ಮಾಡಿದರೆ ಮಾಲೀಕ ಯಾಕೆ ಕಮಿಷನ್ ಕೊಡಬೇಕು?" ಅಂತ ಯಾರೋ ಕಾಮೆಂಟ್ ಹಾಕೇ ಹಾಕುತ್ತೀರಿ. ಕೊಡಬೇಡಿ ಸ್ವಾಮಿ! ಪೂರ್ತಿ ದುಡ್ಡು ಬಂದ ಮೇಲೇ ಕಮಿಷನ್ ಅಂತ ಮೊದಲೇ ಬರೆಯಿರಿ. ಇಲ್ಲಿ 11ಕ್ಕೆ 11 ಮನೆಯವರೂ ದುಡ್ಡು ಕಟ್ಟಿ, ಹೊಸ ಒಲೆಯಲ್ಲಿ ಹಾಲುಕ್ಕಿಸಿಯೂ ಆಗಿದೆ.

ಇಷ್ಟೆಲ್ಲ ಕೂಗಾಡುವ ನಾನೂ ಸಾಚಾ ಅಲ್ಲ. ಏರಿಯಾ ಮ್ಯಾನೇಜರ್ ಆಗಿದ್ದಾಗ, ಮೇಲಿನವರು ಹೇಳಿದರು ಅಂತ ತುಮಕೂರಿನ ಒಬ್ಬ ಹುಡುಗನ 8,400 ರೂಪಾಯಿ ಇನ್ಸೆಂಟಿವನ್ನು ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ್ದೆ. ಅವನು ಜಗಳ ಆಡಲಿಲ್ಲ. "ಸರಿ ಸಾರ್" ಅಂದು, ಕುಡಿದ ಕಾಫಿ ಲೋಟ ತಾನೇ ಎತ್ತಿಟ್ಟು ಹೋದ. ಅವತ್ತು ನಾನೂ ಇದೇ ಪದ ಹೇಳಿದ್ದೆ.

ಪಕ್ಕದ ಮನೆಯವನಿಗೆ, ವಾಟ್ಸಾಪ್ ಮೆಸೇಜ್ ಅಳಿಸಬೇಡ, ರಾಕೆಟ್ ಸಮೇತ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೋ, ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಾಗದ ಬರೆದು ಕೇಳು ಅಂದೆ. "ಕೆಲಸ ಬಿಟ್ಟಿದ್ದಕ್ಕೆ ಕೊಡೋ ರಿಲೀವಿಂಗ್ ಲೆಟರ್ ತಡೆ ಹಿಡಿದರೆ ಏನ್ಮಾಡ್ಲಿ ಅಂಕಲ್?" ಅಂದ.

ಅದರ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ. ಈಗ ಬಿಪಿ ಮಾತ್ರೆ ತಗೋಬೇಕು.